ಒಂದು ಮನೆ ಮೇಲೆ ನಿಂತ ತೊಟ್ಟಿಲು

ಒಂದೂರಲ್ಲಿ ಒಬ್ಬ ರಾಜ, ಅವನಿಗೆ ಮಕ್ಕಳಿರಲಿಲ್ಲ ಎಂದು ಶುರುವಾಗುವ ಕತೆ ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅಂಥದೇ ಒಂದು ಕತೆಯನ್ನು ಜೂಜಿನ ಆಟದೊಳಗೆ ತುರುಕಿ ಸಂಬಳ ಎಣಿಸಿಕೊಂಡವಳು ನಾನು. ಅದು ಡಾಟ್‌ಕಾಮ್ ಕಾಲ. ಅಮೆರಿಕದ ಪ್ಲೆಸೆಂಟನ್ನಿನ ಒಂದು ಆಫೀಸ್ ಪಾರ್ಕಿನಲ್ಲಿ ನಮ್ಮ ಕಂಪೆನಿಯಿತ್ತು. ಇಂಟರ್ನೆಟ್ಟಿನಲ್ಲಿ ಆಡುವ ಸ್ಲಾಟ್ ಆಟಗಳನ್ನು ಮಾಡಿ ಯಾವುದೋ ದ್ವೀಪದ ಕಸಿನೋಗಳಿಗೆ ಮಾರುತ್ತಿದ್ದೆವು. ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಗಂಡ ನಾಚಿಕೊಂಡು, ಮಕ್ಕಳ ಕತೆಯ ಸಾಫ್ಟ್‌ವೇರು ಎನ್ನುತ್ತಿದ್ದ. ಕೇಳಿದವರು ತಕ್ಷಣ ನನ್ನ ಹೊಟ್ಟೆ ನೋಡುತ್ತಿದ್ದರು.

ಆಟ ಸರಳ. ಗುಂಡಿ ಒತ್ತಿದರೆ ಚಿತ್ರಗಳ ಐದು ಪಟ್ಟಿಗಳು ಗಿರ್ರನೆ ತಿರುಗಿ ಒಂದೊಂದಾಗಿ ನಿಲ್ಲುತ್ತವೆ. ರಾಜ, ರಾಣಿ, ಕಪ್ಪೆ, ಕೋಟೆ, ಮಂತ್ರದ ಮುದುಕಿ, ತೊಟ್ಟಿಲು. ನಡುವಿನ ಸಾಲಿನಲ್ಲಿ ಮೂರು ತೊಟ್ಟಿಲು ಬಂದರೆ ರಾಣಿಗೆ ಮಗು ಹುಟ್ಟುವ ಪುಟ್ಟ ಚಲನಚಿತ್ರ ತೆರೆದುಕೊಳ್ಳಬೇಕು. ಎರಡು ತೊಟ್ಟಿಲು ಸರಿಯಾಗಿ ಬಂದು, ಮೂರನೆಯದು ಆ ಸಾಲಿಗಿಂತ ಒಂದೇ ಒಂದು ಮನೆ ಮೇಲೆ ನಿಂತುಬಿಡುವಂತೆ ಮಾಡು, ಜನ ಸೋತದ್ದಕ್ಕಿಂತ ಹೆಚ್ಚಾಗಿ ಸ್ವಲ್ಪದರಲ್ಲಿ ತಪ್ಪಿದ್ದಕ್ಕೆ ಮತ್ತೆ ಆಡುತ್ತಾರೆ ಎಂದು ನನ್ನ ಮ್ಯಾನೇಜರು ಕಲಿಸಿದ್ದ. ಎರಡು ಸಲ ಗರ್ಭ ನಿಲ್ಲದೆ ಹೋದವಳಿಗೆ ಅವನು ಅದನ್ನು ಬೋರ್ಡಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ವಿವರಿಸಿದ. ಅವನಿಗೇನು ಗೊತ್ತು, ನಾನು ತಲೆಯಾಡಿಸಿ ಬರೆದುಕೊಂಡೆ.

ಮಗುವಿನ ಚಲನಚಿತ್ರ ಮಾತ್ರ ಇನ್ನೂ ಮುಗಿದಿರಲಿಲ್ಲ. ತೊಟ್ಟಿಲು ಅಪ್ಪಿತಪ್ಪಿ ಸಾಲಿಗೆ ಇಳಿದರೆ ಆಟವೇ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ಪುಕ್ಕಟೆ ಆಡುವ ಪ್ರಯೋಗದ ಆವೃತ್ತಿಯಲ್ಲಿ ಮೂರನೆಯ ತೊಟ್ಟಿಲಿಗೆ ನಾನೇ ಬೀಗ ಹಾಕಿದ್ದೆ. ಚಿತ್ರ ಬರುವ ತನಕ ಅದು ಇಳಿಯುವಂತೆಯೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಉಡುಪಿಯಿಂದ ಅತ್ತೆ ಬಂದಿದ್ದರು. ಹಗಲೆಲ್ಲ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ. ಬೇಜಾರಾಗುತ್ತದೆಂದು ಗಂಡ ಅವರಿಗೆ ಮೌಸು ಹಿಡಿಯುವುದು ಕಲಿಸಿ, ಸೊಸೆ ಮಾಡಿದ ಆಟ ನೋಡಮ್ಮ ಎಂದು ಅದನ್ನು ತೆರೆದುಕೊಟ್ಟ. ಆಮೇಲೆ ಆಫೀಸಿನಿಂದ ನಾನು ಯಾವಾಗ ಫೋನು ಮಾಡಿದರೂ ಎಂಗೇಜು. ಮನೆಗಿದ್ದದ್ದು ಒಂದೇ ಲೈನು, ಅದನ್ನು ಇಂಟರ್ನೆಟ್ಟು ನುಂಗುತ್ತಿತ್ತು.

ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದರು. ಮಾನಿಟರಿನ ಹಣೆಗೆ ಕುಂಕುಮ, ನೆತ್ತಿಯ ಮೇಲೆ ಗ್ರೋಸರಿಯಿಂದ ತಂದ ಸೇವಂತಿಗೆ. ಕೈ ಮುಗಿದು ಮಗನ ಹೆಸರು, ನಕ್ಷತ್ರ ಹೇಳಿ ಗುಂಡಿ ಒತ್ತುತ್ತಿದ್ದರು. ನೋಡಿದ ಕೂಡಲೇ ಗೊತ್ತಾಯಿತು. ಅವರು ಆಟ ಆಡುತ್ತಿರಲಿಲ್ಲ, ಹೂಪ್ರಸಾದ ಕೇಳುತ್ತಿದ್ದರು. ಊರಿನಲ್ಲಿ ದೇವರ ಮೈಮೇಲೆ ಹೂವಿಟ್ಟು, ಬಲಕ್ಕೆ ಬಿದ್ದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದು ಕೇಳುತ್ತಾರಲ್ಲ, ಹಾಗೆ. ಇಲ್ಲಿ ಬೀಳಬೇಕಾದದ್ದು ತೊಟ್ಟಿಲು.

ನನಗೆ ನಗು ಬಂತು, ಸಿಟ್ಟೂ ಬಂತು. ಆದರೆ ಮಾತ್ರೆ ನುಂಗಿ ಹೋಗಿ ಮಲಗಿದೆ. ಅತ್ತೆಯ ಜೊತೆ ವಾದಕ್ಕಿಳಿದು ಗೆದ್ದವರು ಆ ಕುಟುಂಬದಲ್ಲೇ ಇರಲಿಲ್ಲ. ಅಲ್ಲದೆ ಅವರ ಮಗ ಎಂಜಿನಿಯರು, ಕಂಪ್ಯೂಟರಿನ ಚಿಪ್ಪು ಮಾಡುವವನು. ಅವನಿಗಾದರೂ ಬುದ್ಧಿಯಿದೆ ಎಂದುಕೊಂಡಿದ್ದೆ.

ಮುಂದಿನ ವಾರ ನಮಗೆ ಮಕ್ಕಳಾಗಲು ಚಿಕಿತ್ಸೆ ಕೊಡುವ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟು ಇತ್ತು. ತಿಂಗಳುಗಟ್ಟಲೆ ಕಾದು ಸಿಕ್ಕಿದ್ದು. ಇನ್ನು ತಡಮಾಡಿದರೆ ಕಷ್ಟವೆಂದು ಡಾಕ್ಟರು ನನಗೆ ಬಿಡಿಸಿಯೇ ಹೇಳಿದ್ದರು. ಅದೊಂದನ್ನೇ ಹಿಡಿದುಕೊಂಡು ನಾನು ದಿನ ತಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅತ್ತೆ ನೀರುದೋಸೆ ಹೊಯ್ಯುತ್ತಿದ್ದರು. ಮಗನ ತಟ್ಟೆಗೆ ಒಂದು ಹಾಕಿ, ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದರು:

"ದೇವರಿಗೆ ಮನಸ್ಸಿಲ್ಲ ಮಗ. ಬಂದಾಗಿಂದ ಕೇಳ್ತಾ ಇದ್ದೇನೆ. ಪ್ರತಿ ಸಲ ಹತ್ತಿರ ಬಂದು ನಿಲ್ತದೆ, ಇಳಿಯುವುದಿಲ್ಲ. ಇವಳದ್ದೂ ಹಾಗೇ ಅಲ್ವಾ ಆದದ್ದು?"

ನನ್ನ ಎದುರಿಗೇ ಹೇಳಿದರು. ನನ್ನ ತಟ್ಟೆಗೂ ಒಂದು ದೋಸೆ ಹಾಕಿದರು. ನಾನು ಗಂಡನ ಮುಖ ನೋಡಿದೆ. ಅವನು ದೋಸೆ ಹರಿಯುತ್ತಿದ್ದ.

"ಅಮ್ಮಂಗೆ ಸಮಾಧಾನ ಇಲ್ಲ ಅಂದ್ರೆ ಈಗ್ಲೇ ಯಾಕೆ?" ಎಂದ. "ಅಪಾಯಿಂಟ್‌ಮೆಂಟು ಆಮೇಲೆ ನೋಡೋಣ."

ಅವನ ಮೇಲೆ ಬಂದಷ್ಟು ಅಸಹ್ಯ ನನಗೆ ಅತ್ತೆಯ ಮೇಲೆ ಬರಲಿಲ್ಲ. ಅತ್ತೆ ನಂಬಿದ್ದರು. ಇವನು ನಂಬದೆಯೂ ಒಪ್ಪಿಕೊಂಡಿದ್ದ. ಆ ಚಿಕಿತ್ಸೆ ಅವನಿಗೆ ಬೇಕಿರಲಿಲ್ಲ, ಬೇಡವೆನ್ನಲು ಬಾಯಿಯೂ ಇರಲಿಲ್ಲ. ಈಗ ಅಮ್ಮನ ಬಾಯಿ ಸಿಕ್ಕಿತ್ತು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

"ಅತ್ತೆ, ಅದು ದೇವರಲ್ಲ. ಆ ಆಟ ಬರೆದಿದ್ದು ನಾನು. ಮಗು ಹುಟ್ಟೋ ಚಿತ್ರ ಇನ್ನೂ ರೆಡಿ ಆಗಿಲ್ಲ, ಅದಕ್ಕೆ ತೊಟ್ಟಿಲು ಇಳೀದೇ ಇರೋ ಹಾಗೆ ನಾನೇ ಮಾಡಿಟ್ಟಿದೀನಿ. ನೀವು ಜನ್ಮ ಪೂರ್ತಿ ಒತ್ತಿದ್ರೂ ಇಳಿಯಲ್ಲ."

ಗಂಡ ತಲೆಯೆತ್ತಲಿಲ್ಲ. ಅವನಿಗೆ ನಾನು ಹೇಳಿದ್ದು ಪೂರ್ತಿ ಅರ್ಥವಾಗಿತ್ತು, ಮನೆಯಲ್ಲಿ ಅರ್ಥವಾಗುವವನು ಅವನೊಬ್ಬನೇ. ಒಂದು ಮಾತು ಆಡಿದ್ದರೆ ಸಾಕಿತ್ತು. ಅತ್ತೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು.

"ಹಾಗಾದ್ರೆ ತಡೆದದ್ದು ನೀನೇ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಕೇಳಿದೆಯಲ್ಲ? ಇವಳ ಬಾಯಿಂದಲೇ ಬಂತು."

ಅವನು ಕೈ ತೊಳೆದು ಫೋನೆತ್ತಿದ. ಲೈನು ಸಿಗಲಿಲ್ಲ, ಅತ್ತೆ ಬೆಳಗಿನ ಪ್ರಶ್ನೆ ಕೇಳಿ ಇಂಟರ್ನೆಟ್ಟು ಹಾಗೇ ಬಿಟ್ಟಿದ್ದರು. ಅವನು ಹೋಗಿ ಅದನ್ನು ಆರಿಸಿ, ಸೇವಂತಿಗೆ ಕೆಳಗೆ ಬೀಳದ ಹಾಗೆ ಸರಿಮಾಡಿ ಬಂದ. ಭಾನುವಾರವಾದ್ದರಿಂದ ಕ್ಲಿನಿಕ್ಕಿನಲ್ಲಿ ಯಾರೂ ಇರಲಿಲ್ಲ. ಅಪಾಯಿಂಟ್‌ಮೆಂಟು ರದ್ದು ಮಾಡಿ ಎಂದು ಮೆಶೀನಿಗೆ ಮೆಸೇಜು ಬಿಟ್ಟ. ಅಮೆರಿಕದವರಿಗೆ ತಪ್ಪು ಕೇಳಿಸಬಾರದೆಂದು, ನನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ, ಎರಡು ಸಲ ಹೇಳಿದ.