ಕ್ಯಾಸೆಟ್ಟಿನೊಳಗಿನ ದೊಡ್ಡವ್ವ

ಹಾಡುವಾಗ ದೊಡ್ಡವ್ವನ ಕತ್ತಿನ ಎಡಗಡೆ ಒಂದು ನರ ಕಿರುಬೆರಳಿನ ಗಾತ್ರಕ್ಕೆ ಉಬ್ಬಿ ನಿಲ್ಲುತ್ತಿತ್ತು. ಮದುವೆ ಮನೆಯಲ್ಲಿ ನಾವು ಮಕ್ಕಳು ಪದ ಕೇಳುವುದು ಬಿಟ್ಟು ಆ ನರವನ್ನೇ ನೋಡುತ್ತಾ ಕೂರುತ್ತಿದ್ದೆವು. ಇವತ್ತು ಒಡೆದೇ ಹೋಗುತ್ತದೆ ಎಂದು ನನಗೆ ಪ್ರತಿ ಸಲವೂ ಭಯ. ಆಳು ನೋಡಿದರೆ ಐದಡಿಗೂ ಕಮ್ಮಿ, ಹೆಂಗಸರ ಗುಂಪಿನಲ್ಲಿ ನಿಂತರೆ ಹುಡುಕಬೇಕು. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ದನಿ ಎಲ್ಲಿ ಕೂತಿತ್ತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆ ಹೋಗುವಾಗ ಚಿನಕುರಳಿ ದಾಟಿ ಒಳಕ್ಕೆ ತಿರುಗಿದರೆ ನಮ್ಮೂರು. ದೊಡ್ಡವ್ವ ನಮ್ಮಪ್ಪನ ದೊಡ್ಡಪ್ಪನ ಮಗನ ಹೆಂಡತಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳಿಗೆ ಇಬ್ಬರು ಗಂಡುಮಕ್ಕಳು, ಹೆಣ್ಣಿರಲಿಲ್ಲ. ಹಾಗಾಗಿ ನನಗೆ ತಲೆ ಬಾಚುವ, ಹೇನು ಹೆಕ್ಕುವ ಹಕ್ಕನ್ನೆಲ್ಲ ಅವಳೇ ಇಟ್ಟುಕೊಂಡಿದ್ದಳು. ತಲೆ ಬಾಚುವಾಗಲೂ ಪದ. ಪದದ ಲಯಕ್ಕೆ ಸರಿಯಾಗಿ ಬಾಚಣಿಗೆ ಎಳೆಯುತ್ತಿದ್ದಳು, ನನಗೆ ಕಣ್ಣಲ್ಲಿ ನೀರು.

ಸುತ್ತಿನಲ್ಲಿ ಯಾರ ಮನೆಯ ಮದುವೆಯಾದರೂ ದೊಡ್ಡವ್ವನಿಗೆ ಮೊದಲ ಎಲೆ ಅಡಿಕೆ ಬರುತ್ತಿತ್ತು. ಅರಿಶಿನ ಕುಟ್ಟುವುದರಿಂದ ಹಿಡಿದು ಹೆಣ್ಣು ಒಪ್ಪಿಸುವ ತನಕ ಒಂದೊಂದಕ್ಕೂ ಒಂದೊಂದು ಸೋಬಾನೆ ಪದ. ಅದರಲ್ಲಿ ದೊಡ್ಡದು ಹಸೆಗೆ ಕರೆಯುವ ಪದ. ಆ ಪದದಲ್ಲಿ ಹೆಣ್ಣಿನ ಹೆಸರು ಮೂರು ಸಲ ಬರಬೇಕು, ಮೂರನೆಯ ಸಲಕ್ಕೆ ಹೆಣ್ಣು ಎದ್ದು ಚಪ್ಪರಕ್ಕೆ ಹೊರಡಬೇಕು. ನಡುವೆ ಪದ ನಿಲ್ಲಬಾರದು. ನಿಂತರೆ ಹೆಣ್ಣಿನ ಬಾಳು ಅರ್ಧಕ್ಕೆ ನಿಲ್ಲುತ್ತದೆ ಎಂದು ನಮ್ಮ ಕೇರಿಯ ನಂಬಿಕೆ. ದೊಡ್ಡವ್ವ ಹಾಡಿದ ಯಾವ ಮದುವೆಯಲ್ಲೂ ಅದು ನಿಂತದ್ದಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಶ್ರೀರಂಗಪಟ್ಟಣದ ಕ್ಯಾಸೆಟ್ ಅಂಗಡಿಯವರೊಬ್ಬರು ನಮ್ಮೂರಿನ ಮದುವೆಗೆ ಬಂದು ಅವಳ ಪದ ಕೇಳಿದರು. ಊಟ ಬಿಟ್ಟು ಅವಳ ಗಂಡನನ್ನು, ನಮ್ಮ ದೊಡ್ಡಪ್ಪನನ್ನು, ಹುಡುಕಿಕೊಂಡು ಹೋದರು. ಹದಿನೈದು ದಿನಕ್ಕೆ ಗಂಡ ಹೆಂಡತಿ ಇಬ್ಬರೂ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಮೈಸೂರಿಗೆ ಹೋಗಿ ರೆಕಾರ್ಡಿಂಗ್ ಮುಗಿಸಿ ಬಂದರು. ಅಲ್ಲಿ ನಡೆದದ್ದನ್ನು ದೊಡ್ಡವ್ವ ನೂರು ಸಲ ಹೇಳಿದ್ದಾಳೆ. ಎಲ್ಲ ಪದವೂ ಸಲೀಸಾಗಿ ಹೋಯಿತಂತೆ. ಹಸೆಗೆ ಕರೆಯುವ ಪದಕ್ಕೆ ಬಂದಾಗ ಬಾಯಿ ಕಟ್ಟಿತು.

"ಮದ್ವೆ ಎಣ್ಣೇ ಇಲ್ವಲ್ಲ ಸ್ವಾಮಿ, ಯಾರ ಕರೀಲಿ?" ಎಂದಳಂತೆ.

"ಯಾವ್ದಾದ್ರೂ ಒಂದು ಹೆಸರು ಹೇಳಮ್ಮ, ಟೇಪು ಓಡ್ತಾ ಇದೆ" ಎಂದರಂತೆ ಅವರು.

ಹೇಳಿದಳು. ನನ್ನ ಹೆಸರು ಹೇಳಿದಳು.

"ಎದ್ದು ಬಾರವ್ವ ಸುಸೀಲ, ಹಸೆ ಹಾಸಿ ಕಾದವ್ರೆ" ಎಂಬ ಸಾಲು ಹೀಗೆ ಕ್ಯಾಸೆಟ್ಟಿಗೆ ಇಳಿಯಿತು. ಆಗ ನಾನು ಪಾಂಡವಪುರದಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿ.

ಕ್ಯಾಸೆಟ್ಟು ಸುತ್ತಲಿನ ನಾಲ್ಕೂ ತಾಲ್ಲೂಕಿನಲ್ಲಿ ಓಡಿತು. ಹೇಮಗಿರಿ ಜಾತ್ರೆಯಲ್ಲಿ, ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ, ಖಾಸಗಿ ಬಸ್ಸುಗಳಲ್ಲಿ ಎಲ್ಲ ಕಡೆ ದೊಡ್ಡವ್ವ. ಮದುವೆ ಮನೆಗಳಲ್ಲಿ ಮೈಕ್‌ಸೆಟ್ಟಿನವನು ಬಂದರೆ ಮೊದಲು ಹಾಕುತ್ತಿದ್ದದ್ದೇ ಅದು. ಹೆಣ್ಣು ಲಲಿತ ಆಗಿರಲಿ, ಭಾಗ್ಯ ಆಗಿರಲಿ, ಮೈಕಿನಲ್ಲಿ ಮಾತ್ರ ಎದ್ದು ಬರುತ್ತಿದ್ದವಳು ಸುಸೀಲ. ಜನ ಅದಕ್ಕೂ ಹೊಂದಿಕೊಂಡುಬಿಟ್ಟರು.

ಹೊಗಳಿಕೆ ಬಂದಷ್ಟೇ ವೇಗವಾಗಿ ಇನ್ನೊಂದೂ ಬಂತು. ಕ್ಯಾಸೆಟ್ಟಿನ ಮೇಲೆ ಅವಳ ಫೋಟೋ ಇತ್ತು. ತಲೆ ತುಂಬ ಹೂವು, ಕಾಸಗಲ ಕುಂಕುಮ, ಹಲ್ಲು ಕಾಣುವಂಥ ನಗು. ಟೀ ಅಂಗಡಿಯಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡುವವರಿದ್ದರು. ಒಬ್ಬ ದೊಡ್ಡಪ್ಪನ ಮುಂದೆಯೇ, "ಏನ್ಲಾ, ನಿನ್ ಎಂಡ್ತಿ ಅಂಗಡೀಲಿ ನಗ್ತಾ ಕುಂತವ್ಳೆ?" ಎಂದನಂತೆ. ದೊಡ್ಡಪ್ಪ ಕಬ್ಬಿನ ಗಾಡಿ ಹೊಡೆಯುತ್ತಿದ್ದ ಸಾಧು ಮನುಷ್ಯ. "ನಾನು ದಿನಾ ಮನೇಲೇ ನೋಡ್ತೀನಿ ಕಣ್ಲಾ. ನೀನು ಕಾಸು ಕೊಟ್ಟು ನೋಡು" ಎಂದು ಟೀ ಕುಡಿದು ಎದ್ದು ಬಂದ.

ನನಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ. ಬಸ್ಸಿನಲ್ಲಿ ಹುಡುಗರು ನನ್ನನ್ನು ಕಂಡರೆ "ಎದ್ದು ಬಾರವ್ವ" ಎಂದು ಶುರುಮಾಡುತ್ತಿದ್ದರು. ಎಷ್ಟು ಮದುವೆ ಆಯಿತು ಎಂದು ಲೆಕ್ಕ ಕೇಳುತ್ತಿದ್ದರು. ಕೆ.ಆರ್. ಪೇಟೆ ಕಡೆಯಿಂದ ನನ್ನನ್ನು ನೋಡಲು ಬಂದವರಲ್ಲಿ ಒಬ್ಬಾಕೆ, "ಕ್ಯಾಸೆಟ್ಟಲ್ಲಿ ಬತ್ತದಲ್ಲ, ಆ ಸುಸೀಲ ಇವ್ಳೇನಾ?" ಎಂದು ಕೇಳಿ, ಕೊಟ್ಟ ಕಾಫಿಯನ್ನು ಅರ್ಧಕ್ಕೆ ಇಟ್ಟಳು. ಮತ್ತೆ ಅವರ ಸುದ್ದಿ ಬರಲಿಲ್ಲ. ನಮ್ಮಜ್ಜಿ, ಅಪ್ಪನ ಅವ್ವ, ಆವತ್ತು ಗೋಡೆಯ ಆಚೆಗೆ ಕೇಳಲಿ ಎಂದೇ ಕೂಗಿದಳು: "ಮದ್ವೆಯಾಗದ ಎಣ್ಣಿನ ಎಸ್ರ ಊರೂರಲ್ಲಿ ಮೈಕ್ ಹಾಕಿ ಕೂಗ್ಸವ್ಳಲ್ಲ, ಇವ್ಳಿಗೇನ್ ಬಂದಿತ್ತು!"

ಅಜ್ಜಿ ನಮ್ಮ ಕೇರಿಯ ನ್ಯಾಯಾಧೀಶೆ. ಯಾರು ಹೂ ಮುಡಿಯಬಹುದು, ಯಾರು ಎದುರಿಗೆ ಬರಬಾರದು ಎಂಬುದೆಲ್ಲ ಅವಳ ಬಾಯಲ್ಲಿ ತೀರ್ಮಾನವಾಗಬೇಕು. ನಾನಂತೂ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು. ದೊಡ್ಡವ್ವನ ಜೊತೆ ಮಾತು ಬಿಟ್ಟೆ. ಅವಳು ಬಾಚಣಿಗೆ ಹಿಡಿದು ಜಗಲಿಯ ಮೇಲೆ ಕೂತು ಕರೆದರೂ ಹೋಗಲಿಲ್ಲ. ಆರು ತಿಂಗಳು ಹೀಗೇ ಕಳೆಯಿತು. ಅಷ್ಟರಲ್ಲಿ ದೊಡ್ಡಪ್ಪನಿಗೆ ಕಾಮಾಲೆ ಬಂತು. ನಾಟಿ ಔಷಧಿ, ಆಸ್ಪತ್ರೆ ಎರಡೂ ಆಯಿತು. ಉಳಿಯಲಿಲ್ಲ.

ಸಾವಿನ ಮನೆಯಲ್ಲೇ ಊರು ಕಾರಣ ಕಂಡುಹಿಡಿದುಬಿಟ್ಟಿತು. "ಊರೋರ ಮದ್ವೇಲಿ ಬಾಯಿ ಬುಟ್ಲು, ಪೋಟೋ ತಗಿಸ್ಕಂಡ್ಲು. ದಿಷ್ಟಿ ಬಂದು ಗಂಡನ್ ಮ್ಯಾಲೆ ಕುಂತ್ಕತ್ತು." ಇದನ್ನು ಹೇಳಿದವರು ಬೇರೆಯವರಲ್ಲ, ತಮ್ಮ ತಮ್ಮ ಮದುವೆಯಲ್ಲಿ ಅವಳ ಪದ ಕೇಳಿ ಹಸೆಗೆ ಎದ್ದು ಹೋದವರೇ.

ಅಲ್ಲಿಗೆ ಎಲೆ ಅಡಿಕೆ ನಿಂತಿತು. ಗಂಡ ಸತ್ತವಳು ಸೋಬಾನೆ ಹಾಡುವುದುಂಟೆ? ಚಪ್ಪರದ ಕೆಳಗೆ ಕಾಲಿಡುವುದುಂಟೆ? ಆದರೆ ಕ್ಯಾಸೆಟ್ಟಿಗೆ ಯಾವ ಸೂತಕವೂ ತಟ್ಟಲಿಲ್ಲ. ಅದರ ಮೇಲಿನ ದೊಡ್ಡವ್ವನಿಗೆ ಕುಂಕುಮವಿತ್ತು, ಹೂವಿತ್ತು. ಅವಳನ್ನು ಎಲ್ಲರೂ ಮೈಕಿಗೆ ಹಾಕಿದರು. ಬರೀ ಹಣೆಯ ದೊಡ್ಡವ್ವ ಮನೆಯಲ್ಲಿ ಉಳಿದಳು. ಇದರಲ್ಲಿ ಏನೋ ಒಂದು ತಪ್ಪಿದೆ ಎಂದು ನಾಲ್ಕು ತಾಲ್ಲೂಕಿನಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅನ್ನಿಸಿದ್ದು ಎದುರು ಮನೆಯ ಮದುವೆಯ ದಿನ. ನಾನು ಹಿತ್ತಲಿಗೆ ಬಂದಾಗ ದೊಡ್ಡವ್ವ ತನ್ನ ಹಿತ್ತಲಲ್ಲಿ ರಾಗಿ ಹರವುತ್ತಿದ್ದಳು. ಮೈಕಿನಲ್ಲಿ ಅವಳದೇ ದನಿ. ಕೈ ನಿಲ್ಲಿಸಿ ಕಿವಿಗೊಟ್ಟು ಕೇಳಿ, ಯಾರಿಗೂ ಅಲ್ಲದ ಹಾಗೆ, "ಇಲ್ಲಿ ಉಸ್ರು ತಗಂಡ್ಬುಟ್ಟಿವ್ನಿ ನೋಡು. ತಗಬಾರ್ದಾಗಿತ್ತು" ಎಂದಳು. ನಾನು ಮಾತು ಬಿಟ್ಟದ್ದೇ ಮರೆತುಹೋಯಿತು.

"ದೊಡ್ಡವ್ವ, ನಿನ್ನ ಕರೀನಿಲ್ವಲ್ಲ, ಬ್ಯಾಸ್ರ ಆಗಲ್ವಾ?"

"ಕರ್ದವ್ರಲ್ಲವ್ವ, ಕೇಳ್ತಾ ಇಲ್ವಾ?" ಎಂದು ಮೈಕಿನ ಕಡೆ ಕೈ ತೋರಿಸಿ ನಕ್ಕಳು. ಆಮೇಲೆ, "ಜನ ಅಂದ್ರೆ ಗಾಳಿ ಕಣವ್ವ. ರಾಗಿ ತೂರಕೆ ಅದೇ ಬೇಕು, ದೀಪ ಅಚ್ಚಕೆ ಅದೇ ಬ್ಯಾಡ. ಬೈದ್ರೆ ನಿಂತದಾ?" ಎಂದಳು.

ಇಷ್ಟು ಹೇಳಿದವಳು ಹಸೆಗೆ ಕರೆಯುವ ಪದ ಬಂದ ಕೂಡಲೇ ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಳು. ತನ್ನ ದನಿ ತಪ್ಪಿ ಹೊರಗೆ ಬಂದು ಯಾರದೋ ಮಗಳಿಗೆ ಕೇಡಾದೀತು ಎಂದು ಅವಳಿಗೇ ಹೆದರಿಕೆ. ಸೆರಗಿನ ಹಿಂದೆ ತುಟಿ ಆಡುತ್ತಿತ್ತು, ಕತ್ತಿನ ನರ ಉಬ್ಬಿ ನಿಂತಿತ್ತು. ಅದನ್ನು ನೋಡಿ ನನಗೆ ಬಂದ ಅಳು ಇಷ್ಟಿಷ್ಟಲ್ಲ. ಆವತ್ತೇ ಹೋಗಿ ಅವಳ ಮುಂದೆ ಬೆನ್ನು ಕೊಟ್ಟು ಕೂತೆ. ಒಳಗೆ ಹೋಗಿ ಬಾಚಣಿಗೆ ತಂದಳು.

ಎರಡು ವರ್ಷಕ್ಕೆ ನಾಗಮಂಗಲದ ಕಡೆಯಿಂದ ನನಗೆ ಗಂಡು ಗೊತ್ತಾಯಿತು. ದೊಡ್ಡವ್ವ ಹಾಡಲಿ ಎಂದು ನಾನು ಹಟ ಹಿಡಿದೆ. ಅಪ್ಪ ತಲೆ ತಗ್ಗಿಸಿದರು. ಅಜ್ಜಿ, "ಕ್ಯಾಸೆಟ್ಟು ಆಕ್ಸಿ. ಅವ್ಳೇ ತಾನೆ ಅದ್ರಲ್ಲೂ ಇರೋದು? ನಿನ್ ಎಸ್ರೂ ಅದೆ, ಇನ್ನೇನ್ ಬೇಕು?" ಎಂದಳು. ಅಜ್ಜಿಯ ತೀರ್ಪಿಗೆ ಮೇಲಿನ ಕೋರ್ಟು ಇಲ್ಲ. ನಾನು ದೊಡ್ಡವ್ವನ ಹತ್ತಿರವೇ ಹೋದೆ.

"ನೀನು ಬರ್ದಿದ್ರೆ ನಾನು ಹಸೆಗೆ ಏಳಲ್ಲ" ಎಂದೆ.

"ಮುಚ್ಚು ಬಾಯ" ಎಂದು ಗದರಿದಳು. "ನನ್ನ ಅಂದ್ರೆ ಆ ಮಾತು ನನ್ನ ಜೊತೇಲೇ ಮಣ್ಣಿಗೋಯ್ತದೆ. ನಿನ್ನ ಅಂದ್ರೆ ನಿನ್ ಮಕ್ಕಳಗಂಟ ಬತ್ತದೆ. ನಾಗಮಂಗಲದೋರ ಮುಂದೆ ನಿನ್ ಎಸ್ರು ಕೆಡಿಸ್ಲಾ? ಒಂದ್ಸಲ ಕೆಡಿಸಿರೋದೇ ಸಾಕು."

ಅವಳು ಆ ಕಾಫಿ ಲೋಟವನ್ನು ಮರೆತಿರಲಿಲ್ಲ. ನಾನು ಅವಳನ್ನು ಕ್ಷಮಿಸಿ ದೊಡ್ಡವಳಾದೆ ಎಂದುಕೊಂಡಿದ್ದೆ, ಅವಳು ತನ್ನನ್ನು ಕ್ಷಮಿಸಿಕೊಂಡೇ ಇರಲಿಲ್ಲ.

ಮದುವೆ ಬೆಳಗ್ಗೆ. ಚಪ್ಪರ ತುಂಬ ಎರಡೂ ಕಡೆಯ ಜನ. ನಾನು ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ಬಾಸಿಂಗ ಕಟ್ಟಿಸಿಕೊಂಡು ಕೂತಿದ್ದೆ. ಮೈಕಿನಲ್ಲಿ ಪದ ಶುರುವಾಯಿತು. ಒಂದು ಸಲ ಸುಸೀಲ ಬಂತು. ಎರಡನೆಯ ಸಲ ಬಂತು. ಆಮೇಲೆ ದನಿ ಇದ್ದಕ್ಕಿದ್ದಂತೆ ದಪ್ಪಗಾಗಿ, ಎಳೆದು, ಸತ್ತು ಹೋಯಿತು. ಕರೆಂಟು ಹೋಗಿತ್ತು.

ಮೈಕ್‌ಸೆಟ್ಟಿನವನು ವೈರು ಹಿಡಿದು ಓಡಾಡಿದ. ಪುರೋಹಿತರು ಗಡಿಯಾರ ನೋಡಿ "ಮುಹೂರ್ತ ಮೀರ್ತದೆ, ಯಾರಾದ್ರೂ ಮುಂದಕ್ಕೆ ಹೇಳೀಮ್ಮ" ಎಂದರು. ಆಗ ಗೊತ್ತಾದದ್ದು: ಯಾರಿಗೂ ಬರುತ್ತಿರಲಿಲ್ಲ! ನಾಲ್ಕೈದು ವರ್ಷ ಕ್ಯಾಸೆಟ್ಟು ಹಾಕಿ ಹಾಕಿ ಹೆಂಗಸರೆಲ್ಲ ಬಾಯಲ್ಲಿದ್ದ ಪದ ಕಳೆದುಕೊಂಡಿದ್ದರು. ನಮ್ಮ ಸೋದರತ್ತೆ ಧೈರ್ಯ ಮಾಡಿ ಒಂದು ಸಾಲು ಎತ್ತಿ, ಅರ್ಧಕ್ಕೇ ತೊದಲಿ ನಿಂತಳು. ಗಂಡಿನ ಕಡೆಯವರಲ್ಲಿ ಗುಸುಗುಸು ಎದ್ದಿತು. ಅವ್ವನ ಮುಖ ನೋಡಲಾಗುತ್ತಿರಲಿಲ್ಲ.

ಆಗ ಗೋಡೆಯ ಆಚೆಯಿಂದ ಬಂತು.

ಪದ ನಿಂತಲ್ಲಿಂದಲೇ ಬಂತು. ಒಂದಕ್ಷರ ಹಿಂದಿಲ್ಲ, ಒಂದಕ್ಷರ ಮುಂದಿಲ್ಲ. ಮೈಕಿಲ್ಲ, ಪೆಟ್ಟಿಗೆಯಿಲ್ಲ, ಹೆಂಚಿನ ಮೇಲಿನಿಂದ ಹಾದು ಚಪ್ಪರದ ತುಂಬ ಇಳಿಯಿತು. ನಾನು ಎಷ್ಟೋ ವರ್ಷದಿಂದ ಕೇಳದಿದ್ದ ಹಸಿ ದನಿ. ದೊಡ್ಡವ್ವ ಚಪ್ಪರಕ್ಕೆ ಕಾಲಿಡಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. ತನ್ನ ಮನೆಯೊಳಗೆ ನಿಂತುಕೊಂಡು, ನನ್ನ ಬಾಳು ಅರ್ಧಕ್ಕೆ ನಿಲ್ಲಬಾರದೆಂದು, ಉಂಡೆ ಮಾಡಿ ಬಾಯಿಗೆ ಒತ್ತಿಕೊಳ್ಳುತ್ತಿದ್ದ ಸೆರಗನ್ನು ಕೆಳಗೆ ಬಿಟ್ಟಿದ್ದಳು.

ಮೂರನೆಯ ಸಲ ಸುಸೀಲ ಬಂತು.

ನಾನು ಏಳಲಿಲ್ಲ, ಯಾರೂ ಏಳಿಸಲಿಲ್ಲ. ಎಲ್ಲರ ಕಣ್ಣೂ ಅಜ್ಜಿಯ ಮೇಲೆ. ಆ ದನಿ ಯಾರದೆಂದು ಅಲ್ಲಿ ಗೊತ್ತಿಲ್ಲದವರು ಯಾರು? ಅಜ್ಜಿ ಕೂತಲ್ಲಿಂದ ನಿಧಾನವಾಗಿ ಎದ್ದಳು. ಚಪ್ಪರದ ಸೀರಿಯಲ್ ಸೆಟ್ಟಿನ ಒಂದು ಬಲ್ಬೂ ಹತ್ತಿರಲಿಲ್ಲ. ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಕರೆಂಟ್ ಬಂತು ಕಣವ್ವ" ಎಂದಳು. "ಎದ್ದೇಳು."

ಗಂಡಿನ ಸೋದರತ್ತೆಯೊಬ್ಬರು ಬಲ್ಬುಗಳ ಕಡೆ ತಲೆಯೆತ್ತಿದರು, ಅಜ್ಜಿಯ ಮುಖ ನೋಡಿದರು, ತಲೆ ಇಳಿಸಿದರು. ನಾನು ಎದ್ದು ಹೊರಟೆ.

ಇದಾದ ಮೇಲೆ ಊರು ಬದಲಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಬದಲಾಗಲಿಲ್ಲ. ಎಲೆ ಅಡಿಕೆ ಅವಳಿಗೆ ಮತ್ತೆ ಬರಲಿಲ್ಲ. ಆದರೆ ಹೆಂಗಸರು ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿನಿಂದ ಹೋಗಿ ಪದ ಕಲಿಯಲು ಕೂತರಂತೆ. ಕೇಳಿದರೆ "ಕರೆಂಟು ಹೋದ್ರೆ ಬೇಕಾಯ್ತದೆ" ಎನ್ನುತ್ತಿದ್ದರಂತೆ. ಮೊದಲು ಕಳಿಸಿದ್ದು ಅಜ್ಜಿ, ಕಳಿಸಿದ್ದು ನಮ್ಮವ್ವನನ್ನು.

ಮದುವೆಯ ದಿನ ಸಂಜೆ ಗಂಡನ ಮನೆಗೆ ಹೊರಡುವ ಮೊದಲು ನಾನು ದೊಡ್ಡವ್ವನ ಮನೆ ಮೆಟ್ಟಿಲಿಗೆ ಹೋದೆ. ಕಾಲು ಮುಟ್ಟಿ ಹೋಗಬೇಕು ಎಂದು. ನನ್ನ ಬಳೆ ಸದ್ದು ಕೇಳಿದ್ದೇ ಒಳಗಿನಿಂದ ಚಿಲಕ ಹಾಕಿದಳು. ಬಾಗಿಲು ಬಡಿದೆ, ಅತ್ತು ಕರೆದೆ, ಬೈದೆ. "ಕಾರು ಕಾಯ್ತದೆ, ಓಗ್ಬಾ ನನ್ನವ್ವ. ಓಗೋ ಒತ್ನಲ್ಲಿ ನನ್ ಮೊಖ ನೋಡ್ಬ್ಯಾಡ" ಎಂದಳು ಒಳಗಿನಿಂದ. ಹೊಸಿಲಿಗೆ ಹಣೆ ಹಚ್ಚಿ ಕಾರು ಹತ್ತಿದೆ.

ಆಮೇಲೆ ತವರಿಗೆ ಬಂದಾಗೆಲ್ಲ ಅವಳ ಕಾಲಿಗೆ ಬೀಳಲು ಹೋಗುತ್ತಿದ್ದೆ. "ಮುತ್ತೈದೆ ನನ್ ಕಾಲು ಮುಟ್ಬಾರ್ದು" ಎಂದು ಕಾಲನ್ನು ಸೀರೆಯೊಳಕ್ಕೆ ಎಳೆದುಕೊಳ್ಳುತ್ತಿದ್ದಳು. ನನ್ನ ಮದುವೆಯಾದ ಮೂರು ವರ್ಷಕ್ಕೆ ಹೋಗಿಬಿಟ್ಟಳು. ಸುದ್ದಿ ಬಂದು ನಾನು ನಾಗಮಂಗಲದಿಂದ ಬರುವಷ್ಟರಲ್ಲಿ ಜಗಲಿಯ ಮೇಲೆ ಮಲಗಿಸಿದ್ದರು. ಬಾಗಿಲು ಹಾರು ಹೊಡೆದಿತ್ತು. ಎರಡೂ ಕಾಲು ಹಿಡಿದು, ಮನಸ್ಸು ತಣಿಯುವ ತನಕ ಹಣೆ ಒತ್ತಿದೆ. ಎಳೆದುಕೊಳ್ಳಲಿಲ್ಲ.