ಕೇಳಿದ ಬೆಲೆಗೇ ಒಪ್ಪಿದ ತಪ್ಪು

ಎಂಬತ್ತರ ದಶಕದ ಮಾತು. ಡೇರಿಗೆ ಎಮ್ಮೆ ಕೊಳ್ಳಲು ಚಿಂಚಲಿಯ ದನದ ಸಂತೆಗೆ ಹೋಗಿದ್ದೆ. ಒಬ್ಬ ರೈತನ ಎಮ್ಮೆಯ ಹಲ್ಲು ನೋಡಿ, ಎದುರಿಗೇ ಹಾಲು ಕರೆಸಿ, ಅಳೆದು, ನಾಲ್ಕು ಸಾವಿರ ಬಾಳುತ್ತದೆ ಎಂದು ಲೆಕ್ಕ ಹಾಕಿದೆ. ಮನೆಯಲ್ಲಿ ಮೇವು ಮುಗಿದಿದ್ದರಿಂದ ಅವನು ಅದನ್ನು ಅಂದೇ ಮಾರಬೇಕಿತ್ತು. ಸಂತೆಯ ರೂಢಿಯಂತೆ ಟವೆಲಿನ ಮರೆಯಲ್ಲಿ ನನ್ನ ನಾಲ್ಕು ಬೆರಳು ಹಿಡಿದು ನಾಲ್ಕು ಸಾವಿರ ಕೇಳಿದ. ನಾನು ಕೂಡಲೇ ಒಪ್ಪಿದೆ.

ಅವನು ಕೈ ಬಿಟ್ಟ. “ಇಲ್ರೀ ಸಾಹೇಬ್ರ, ಕೊಡಂಗಿಲ್ಲ.”

“ನೀವ ಕೇಳಿದ ರೇಟ್ ಅಲ್ಲೇನ್ರಿ?”

“ಅದಕ್ಕ ಅಂಜಿಕಿ ಬಂತ್ರಿ. ಒಮ್ಮಿಗೇ ಹೂಂ ಅಂದ್ರಿ ಅಂದ್ರ, ನನಗ ಗೊತ್ತಿಲ್ಲದ್ದು ಏನೋ ನಿಮಗ ಕಂಡೈತಿ.”

ಸುಲಭವಾಗಿ ಸಿಕ್ಕ ಹಣ್ಣನ್ನು ಶಂಕಿಸಿದ ಕಪಿಗಳೇ ಕಾಡಿನಲ್ಲಿ ಬದುಕಿ ಉಳಿದಿರಬೇಕು. ಅವುಗಳ ವಂಶ ಈಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸಂತೆಗೆ ಬರುತ್ತದೆ.

ಅಷ್ಟರಲ್ಲಿ ಒಬ್ಬ ದಲ್ಲಾಳಿ ಬಂದು, “ಏನಪಾ, ಈ ಮುದುಕಿ ಎಮ್ಮಿಗೆ ರೊಕ್ಕಾ ಬ್ಯಾರೆ ಕೊಡಬೇಕೇನ?” ಎಂದ. ಕೊಂಬಿನಿಂದ ಬಾಲದವರೆಗೂ ಎಮ್ಮೆಯನ್ನು ಬೈದ. ಒಂದು ತಾಸು ಜಗಳಾಡಿ ಮೂರೂವರೆ ಸಾವಿರಕ್ಕೆ ಹಗ್ಗ ಹಿಡಿದ. ರೈತನ ಮುಖ ಅರಳಿತು. ದಲ್ಲಾಳಿಗೆ ಚಹಾ ತರಿಸಿದವನು ನನಗೂ ಒಂದು ಕಪ್ಪು ಕೊಟ್ಟ.

“ವ್ಯವಹಾರ ಅಂದ್ರ ಹಿಂಗ ಮಾಡಬೇಕ್ರಿ ಸಾಹೇಬ್ರ.”

ಐನೂರು ರೂಪಾಯಿ ಕಳೆದುಕೊಂಡವನಿಂದ ವ್ಯವಹಾರದ ಪಾಠ ಕಲಿತು, ಎಮ್ಮೆ ಇಲ್ಲದೆ ಬಸ್ ಹತ್ತಿದೆ.