ಪೀಕದಾನಿ ಇಲ್ಲದ ಬಂದರು

ಸವಣೂರಿನ ಎಲೆ ಹಾಕಿಕೊಂಡು ನಾನೊಮ್ಮೆ ಕೆಮ್ಮಿದರೆ ಹಾನಗಲ್ಲಿನ ಬಸ್ಸು ತಾನಾಗಿಯೇ ನಿಲ್ಲುತ್ತದೆ. ಅಂಥ ನನಗೇ ಒಂದು ಲಾಡ್ಜು ಕರಾರು ಹಾಕಿತು.

ಸಮುದ್ರ ನೋಡಲೇಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ನಾವಿಬ್ಬರೂ ಅದನ್ನು ಕಂಡವರಲ್ಲ. ಮಂಗಳೂರಿನ ಹಳೇ ಬಂದರಿನ ಹತ್ತಿರ ಎರಡು ದಿನ ಇದ್ದು ಬರೋಣವೆಂದು ಅಲ್ಲಿನ ಲಾಡ್ಜಿಗೆ ಫೋನ್ ಹಚ್ಚಿದೆ.

“ಖೋಲ್ಯಾಗ ಪೀಕದಾನಿ ಐತೇನವ್ವಾ?”

“ಎಲೆ ಅಡಿಕೆ ಉಗುಳುವ ಪಾತ್ರೆಯಾ? ಇಲ್ಲ ಸರ್. ರೂಮಿನಲ್ಲಿ ಎಲೆ ಅಡಿಕೆ ಹಾಕುವ ಹಾಗೇ ಇಲ್ಲ. ಹಳೇ ಕಟ್ಟಡ, ಗೋಡೆ ಹಾಳಾಗ್ತದೆ,” ಎಂದಳು ಆ ಕಡೆಯ ಹುಡುಗಿ.

“ನಮ್ಮೂರ ಗುಡಿ ಅದಕ್ಕಿಂತ ಹಳೇದೈತಿ. ನಾ ಉಗುಳಿದ್ದು ಇವತ್ತಿಗೂ ಅದರ ಗ್ವಾಡಿಗೆ ಬಿದ್ದಿಲ್ಲ. ಅಡಿಕಿ ಬೆಳಿಯೋ ಸೀಮ್ಯಾಗ ಕುಂತು ಅಡಿಕಿ ಬ್ಯಾಡ ಅಂತೀಯಲ್ಲ ತಂಗಿ!”

“ರೂಲ್ಸ್ ಸರ್.”

“ಹಂಗಾರ ನಾ ಬರಂಗಿಲ್ಲ. ನಿಮ್ಮ ಸಮುದ್ರ ನೀವ ಇಟ್ಕೋರಿ!” ಎಂದು ಗುಡುಗಿದೆ.

ಹೆಂಡತಿ ಫೋನ್ ಕಸಿದುಕೊಂಡಳು. “ನಾನು, ನಮ್ಮಕ್ಕ ಬರ್ತೇವಿ, ಬರ್ಕೋಳವ್ವಾ. ನಮಗ ಪೀಕದಾನಿ ಬ್ಯಾಡ.”

ಇಬ್ಬರೂ ಹೋದರು, ಕಾಲು ತೊಯ್ಯಿಸಿಕೊಂಡು ನಗುನಗುತ್ತಾ ಮರಳಿದರು. ನಾನಂತೂ ಸೋಲಲಿಲ್ಲ. ಸಮುದ್ರವನ್ನು ನಾನಿನ್ನೂ ನೋಡಿಲ್ಲ, ನಿಜ. ಆದರೆ ಸಮುದ್ರವೂ ನನ್ನನ್ನು ನೋಡಿಲ್ಲ. ಲುಕ್ಸಾನು ಯಾರಿಗೆ, ನೀವೇ ಹೇಳ್ರಿ.